ಪಾರ್ಸೆಲ್‌ನಲ್ಲಿ ಬಂದ ಪೇಟಿ

1/8

ಫೋಟೊದಲ್ಲಿ ಕಾಣ್ತಿರೋದು ನಮ್ಮ ಹಾರ್ಮೋನಿಯಂನ ಹೊಟ್ಟೆ. ಇದು ಎಂಟು ಪೋಸ್ಟಿನ ಸರಣಿ, ಕ್ಯಾಪ್ಷನ್ ಉದ್ದ ಇದೆ. ಬಸ್ಸಲ್ಲಿ ಕೂತಾಗ ಓದಿ.

ಕ್ಲಾಸಿನವರಿಗೆ ಅರ್ಧ ಕಥೆ ಗೊತ್ತು. ಯುವಜನೋತ್ಸವದ ಸಮೂಹಗಾನಕ್ಕೆ ಅಂತ ನಾವು ಆರು ಜನ ಹುಡುಗೀರು ದುಡ್ಡು ಹಾಕಿ ಒಂದು ಪೇಟಿ ತಗೊಂಡ್ವಿ. ಆನ್‌ಲೈನಲ್ಲಿ, 8,900 ರೂಪಾಯಿಗೆ. ಬಣ್ಣ ಚೆನ್ನಾಗಿತ್ತು, ಸ್ಟಾರೂ ಚೆನ್ನಾಗಿದ್ವು. ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಐದೇ ದಿನಕ್ಕೆ ಬಂತು. ಇಂಟರ್ನಲ್ಸ್ ನಡೀತಿದ್ವು, ಹಾಗಾಗಿ ಡಬ್ಬಿ ಒಡೆದಿದ್ದು ಹನ್ನೊಂದನೇ ದಿನ. ಅಷ್ಟರಲ್ಲಿ ವಾಪಸ್ ಕೊಡೋ ಗಡುವು ಮುಗಿದಿತ್ತು (ತಪ್ಪು ನಮ್ದೇ, ಒಪ್ಕೊಂಡಿದೀವಿ). ತಿದಿ ಒತ್ತಿದ ತಕ್ಷಣ ಯಾವ ಕೀಯನ್ನೂ ಮುಟ್ಟದೇ ಒಂದು ಸ್ವರ ಊಂ ಅಂತ ಶುರು ಆಯ್ತು. ಅದನ್ನ ಬಿಟ್ಟು ಹಾಡೋಣ ಅಂದ್ರೆ ಗಾಂಧಾರ ಬಂದಾಗೆಲ್ಲ ಆರೂ ಜನ ಒಬ್ಬರ ಮುಖ ಒಬ್ಬರು ನೋಡ್ತಿದ್ವಿ. ಯಾರದ್ದೋ ಧ್ವನಿ ಸರಿ ಇಲ್ಲ ಅಂತ ಎರಡು ದಿನ ಜಗಳಾನೂ ಆಯ್ತು.

ಕೊನೆಗೆ ಆಟೋದಲ್ಲಿಟ್ಟುಕೊಂಡು ಹಳೇ ಊರಿನ ಕಡೆ ಒಂದು ಸಣ್ಣ ಅಂಗಡಿಗೆ ಹೋದ್ವಿ. ತಬಲಾ, ಡೋಲು, ಭಜನೆ ತಾಳ ಎಲ್ಲ ತೂಗುಹಾಕಿರೋ ಅಂಗಡಿ. ಒಳಗೆ ಕೂತಿದ್ದ ಅಜ್ಜ ಎರಡು ಸಲ ತಿದಿ ಒತ್ತಿ ನಿಲ್ಲಿಸಿಬಿಟ್ರು.

'ಯಾರು ಶ್ರುತಿ ಮಾಡ್ಯಾರಮ್ಮ ಇದನ್ನ?'
'ಹಂಗೇ ಬಂದೈತೆ ಅಜ್ಜ, ಬಾಕ್ಸಲ್ಲೇ.'
'ಹಂಗಂದ್ರೆ ಯಾರ ಕಂಠಕ್ಕೆ ಮಾಡಿದ್ದು?'

ಈ ಪ್ರಶ್ನೆಗೆ ನಮ್ಮ ಹತ್ರ ಉತ್ತರ ಇರಲಿಲ್ಲ. ಅದಾದ ಮೇಲೆ ಒಂದು ತಿಂಗಳು ನಾನು ಓದಿದ್ದು, ಕೇಳಿದ್ದು ಎಲ್ಲ ಈ ಒಂದು ಪ್ರಶ್ನೆ ಹಿಂದೆ ಬಿದ್ದು.

2/8

ಮೊದಲು ಒಂದು ತಪ್ಪು ಕಲ್ಪನೆ ತೆಗೀಬೇಕು. ದೂರದಿಂದ ತರಿಸೋದು ನಮ್ಮ ಕಾಲದ ರೋಗ, ಹಿಂದಿನವರೆಲ್ಲ ಊರಿನ ಅಂಗಡಿಯಲ್ಲೇ ತಗೋತಿದ್ರು ಅಂತ ನಾನೂ ಅಂದ್ಕೊಂಡಿದ್ದೆ. ಹಾರ್ಮೋನಿಯಂ ವಿಷಯದಲ್ಲಿ ಅದು ಪೂರ್ತಿ ಉಲ್ಟಾ. ಈ ಪೆಟ್ಟಿಗೆ ನಮ್ಮೂರಿಗೆ ಬಂದಿದ್ದೇ ಪಾರ್ಸೆಲ್ ಆಗಿ.

ಹುಟ್ಟಿದ್ದು ಪ್ಯಾರಿಸ್‌ನಲ್ಲಿ. ಅಲೆಕ್ಸಾಂಡರ್ ದೆಬೆ ಎಂಬುವವನು 1840ರ ದಶಕದ ಆಸುಪಾಸಿನಲ್ಲಿ ಪೇಟೆಂಟ್ ಮಾಡಿಸಿದ. ಅದು ಮೇಜಿನಷ್ಟು ದೊಡ್ಡದು, ಕಾಲಲ್ಲಿ ಒತ್ತಬೇಕು, ಕುರ್ಚಿ ಮೇಲೆ ಕೂತು ನುಡಿಸಬೇಕು. ಪಾದ್ರಿಗಳ ಜೊತೆ, ಸಾಹೇಬರ ಬಂಗಲೆಗಳ ಜೊತೆ ಹಡಗಲ್ಲಿ ಇಂಡಿಯಾಕ್ಕೆ ಬಂತು. ಕಲ್ಕತ್ತಾದಲ್ಲಿ ದ್ವಾರಕಾನಾಥ ಘೋಷ್ ಎಂಬ ವಾದ್ಯ ವ್ಯಾಪಾರಿ ಅದರ ಕಾಲು ಕತ್ತರಿಸಿ, ತಿದಿಯನ್ನು ಹಿಂದಕ್ಕೆ ತಂದು, ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕ್ತಾ ಇನ್ನೊಂದು ಕೈಯಲ್ಲಿ ನುಡಿಸೋ ಹಾಗೆ ಮಾಡಿದರು. ಅವರ ಅಂಗಡಿಯ ಹೆಸರು ದ್ವಾರ್ಕಿನ್. ಇವತ್ತು ಗುಡಿಯ ಭಜನೆಯಲ್ಲಿ ನೋಡೋ ಪೇಟಿ ಈ ಜಾತಿಯದು.

ಆಮೇಲೆ ಇದು ಊರೂರಿಗೆ ಹೋಗಿದ್ದು ಹೇಗೆ? ಕ್ಯಾಟಲಾಗ್ ಮೂಲಕ. ಕಲ್ಕತ್ತಾ, ಬೊಂಬಾಯಿಯ ದೊಡ್ಡ ಅಂಗಡಿಗಳು ಚಿತ್ರ ಹಾಕಿ, ಬೆಲೆ ಹಾಕಿ ಪುಸ್ತಕ ಅಚ್ಚು ಮಾಡಿಸ್ತಿದ್ವು. ಆಯ್ಕೆ ಮಾಡಿ ಕಾಗದ ಬರೆದರೆ ಆಯ್ತು. 1877ರಲ್ಲೇ ಈ ದೇಶದಲ್ಲಿ ವಿ.ಪಿ.ಪಿ. ಶುರುವಾಗಿತ್ತು. ಸಾಮಾನು ಬಂದಾಗ ಅಂಚೆಯವನಿಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳೋ ಪದ್ಧತಿ. ಕ್ಯಾಶ್ ಆನ್ ಡೆಲಿವರಿ, ಅಷ್ಟೇ! ಭಾರದ ಸಾಮಾನು ರೈಲಲ್ಲಿ ಬರ್ತಿತ್ತು, ಅದರ ರಸೀದಿ ಮಾತ್ರ ವಿ.ಪಿ.ಪಿ.ಯಲ್ಲಿ. ದುಡ್ಡು ಕಟ್ಟಿ ರಸೀದಿ ಬಿಡಿಸಿಕೊಂಡು ಸ್ಟೇಷನ್ನಿಗೆ ಹೋಗಿ ಪೆಟ್ಟಿಗೆ ಇಳಿಸಿಕೊಳ್ಳಬೇಕು.

ಅಂದ್ರೆ ಫೋಟೊ ನೋಡಿ ವಾದ್ಯ ಕೊಂಡವರಲ್ಲಿ ನಾವು ಮೊದಲನೆಯವರೇನಲ್ಲ. ವ್ಯತ್ಯಾಸ ಇರೋದು ಪೆಟ್ಟಿಗೆ ಸ್ಟೇಷನ್ನಿನಿಂದ ಮನೆಗೆ ಬಂದ ಮೇಲೆ ಏನಾಗ್ತಿತ್ತು ಅನ್ನೋದರಲ್ಲಿ.

3/8

ಈ ಫೋಟೊ ಹರಿಹರದ ಹೊಳೆ. ಕಳೆದ ಭಾನುವಾರ ತೆಗೆದದ್ದು, ಬಿಸಿಲಿಗೆ ಎಲ್ಲ ಬೆಳ್ಳಗೆ ಬಂದಿದೆ, ಅಡ್ಜಸ್ಟ್ ಮಾಡ್ಕೊಳ್ಳಿ.

1956ರ ನವೆಂಬರ್ 1ಕ್ಕೆ ಮುಂಚೆ ಈ ತುಂಗಭದ್ರೆಯೇ ಗಡಿ. ಈ ದಡದ ಹರಿಹರ ಮೈಸೂರು ರಾಜ್ಯ. ಆ ದಡದಲ್ಲಿ ಕಾಣೋ ಕುಮಾರಪಟ್ಟಣ, ರಾಣೆಬೆನ್ನೂರು ಸೀಮೆ ಬೊಂಬಾಯಿಗೆ ಸೇರಿದ ಧಾರವಾಡ ಜಿಲ್ಲೆ. 1880ರ ದಶಕದ ಕೊನೆಗೆ ರೈಲು ಬಂದಾಗ ಮೈಸೂರು ಕಡೆಯ ಹಳಿ ಮತ್ತು ಹುಬ್ಬಳ್ಳಿ ಕಡೆಯ ಹಳಿ ಸೇರಿದ್ದು ಇಲ್ಲೇ. ಸಂಗೀತಕ್ಕೂ ಹೆಚ್ಚುಕಡಿಮೆ ಇದೇ ಗಡಿ. ಹೊಳೆ ದಾಟಿದ್ರೆ ಹುಬ್ಬಳ್ಳಿ, ಧಾರವಾಡ, ಗದಗ: ಹಿಂದೂಸ್ತಾನಿ, ತಬಲಾ, ಪೇಟಿ. ಈಚೆಗೆ ಬಂದ್ರೆ ಬೆಂಗಳೂರು, ಮೈಸೂರು: ಕರ್ನಾಟಕ ಸಂಗೀತ, ವೀಣೆ, ಪಿಟೀಲು, ಮೃದಂಗ. ಗೆರೆ ಎಳೆದ ಹಾಗೆ ಅಲ್ಲ, ಆದ್ರೂ ಸುಮಾರಾಗಿ ಹೌದು. ದೇವರೇ ಅರ್ಧ ಹರಿ ಅರ್ಧ ಹರ ಆಗಿ ನಿಂತಿರೋ ಊರಲ್ಲಿ ಇದೇನು ದೊಡ್ಡ ವಿಷಯ ಅಂತೀರಾ? ಇರಬಹುದು. ಆದರೆ ವಾದ್ಯದ ಅಂಗಡಿಯವನಿಗೆ ಇದು ದಿನದ ವಿಷಯ. ಒಂದೇ ಬೆಳಿಗ್ಗೆ ಒಬ್ಬರು ಮೃದಂಗದ ಕರಣೆ ಹಾಕಿಸೋಕೆ ಬರ್ತಾರೆ, ಇನ್ನೊಬ್ಬರು ತಬಲಾ ಪುಡಿ ಬದಲಾಯಿಸೋಕೆ ಬರ್ತಾರೆ, ಮೂರನೆಯವರು ಹಳ್ಳಿಯ ಡೊಳ್ಳು ಹೊತ್ತುಕೊಂಡು ಬರ್ತಾರೆ.

ಈ ಎಲ್ಲರ ಮಧ್ಯೆ ಪೇಟಿಗೆ ಇಲ್ಲಿ ಜಾಗ ಕೊಟ್ಟಿದ್ದು ಕಚೇರಿಗಳಿಗಿಂತ ಹೆಚ್ಚಾಗಿ ನಾಟಕ. ಮೈಕ್ ಇಲ್ಲದ ಕಾಲ. ತಗಡಿನ ಥಿಯೇಟರಿನ ಕೊನೇ ಸಾಲಿಗೆ ಸಾರಂಗಿ ಕೇಳಲ್ಲ, ಪೇಟಿ ಕೇಳುತ್ತೆ. ರಂಗದ ಮುಂದೆ ಕಾಲುಪೆಟ್ಟಿಗೆ ಹಾಕಿಕೊಂಡು ಕೂತ ಮಾಸ್ತರು ಸ್ವರ ಹಿಡಿದು ಎತ್ತಿಕೊಟ್ಟರೆ ಪಾತ್ರಧಾರಿ ಹಾಡಬೇಕು. ಹಳ್ಳಿ ನಾಟಕಗಳಲ್ಲಂತೂ ಪೇಟಿ ಮಾಸ್ತರೇ ನಿರ್ದೇಶಕ, ಅವರೇ ಸಂಗೀತಗಾರ, ಮಾತು ಮರೆತವರಿಗೆ ಹೇಳಿಕೊಡೋರೂ ಅವರೇ.

ದಾವಣಗೆರೆಗೆ ನಾಟಕ ಅಂದ್ರೆ ಏನು ಅಂತ ಮನೆಯಲ್ಲಿ ಅಜ್ಜ-ಅಜ್ಜಿ ಇದ್ರೆ ಕೇಳಿ. ಚಿಂದೋಡಿ ವೀರಪ್ಪ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮೂರಿನದು. ಅವರ ಮಗಳು ಚಿಂದೋಡಿ ಲೀಲಾ ಚಿಕ್ಕ ವಯಸ್ಸಿಗೇ ಬಣ್ಣ ಹಚ್ಚಿದವರು, 1988ರಲ್ಲಿ ಪದ್ಮಶ್ರೀ ಬಂತು, 2010ರಲ್ಲಿ ತೀರಿಕೊಂಡರು. ಗದಗಿನ ಪಂಚಾಕ್ಷರಿ ಗವಾಯಿಗಳ ಬಗ್ಗೆ 1995ರಲ್ಲಿ ಬಂದ ಸಿನಿಮಾ ಮಾಡಿದ್ದೂ ಇದೇ ಮನೆತನದ ಚಿಂದೋಡಿ ಬಂಗಾರೇಶ್. ಹಂಸಲೇಖ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಸಂಗೀತ ಅದರದ್ದೇ. ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೂ ಒಂದು ನಾಟಕ ಕಂಪನಿ ಇತ್ತು. ಕಣ್ಣು ಕಾಣದ ಹುಡುಗರು ಅಲ್ಲಿ ಪೇಟಿ, ತಬಲಾ ಕಲಿತು ಊರೂರಿಗೆ ಸಂಗೀತದ ಮೇಷ್ಟ್ರಾಗಿ ಹೋದರು.

ನಮ್ಮ ಅಂಗಡಿ ಅಜ್ಜನ ತಂದೆ ಕಂಪನಿಗಳು ಊರಿಗೆ ಬಂದಾಗ ಪೇಟಿ ರಿಪೇರಿ ಮಾಡ್ತಿದ್ದರಂತೆ. ಮಳೆಗಾಲದ ಕ್ಯಾಂಪಾದ್ರೆ ದಿನಾ ಕರೆ ಬರ್ತಿತ್ತಂತೆ, ತೇವಕ್ಕೆ ಮರ ಉಬ್ಬಿ ಕೀ ಹಿಡ್ಕೊಂಡುಬಿಡ್ತಿದ್ವು ಅಂತ.

4/8

ಈ ಪೋಸ್ಟ್ ಸ್ವಲ್ಪ ಲೆಕ್ಕ. ಹೆದರಬೇಡಿ, ಭಾಗಾಕಾರ ಬಂದ್ರೆ ಸಾಕು.

1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ಬ್ಯಾನ್ ಮಾಡಿತು. ತಮಾಷೆ ಅಲ್ಲ, ನಿಜವಾಗ್ಲೂ. ಆ ಕಾಲದಲ್ಲಿ ರೇಡಿಯೊದ ಮುಖ್ಯಸ್ಥ ಲಯೊನೆಲ್ ಫೀಲ್ಡೆನ್, ಇಂಗ್ಲಿಷಿನವನು. ಅಲ್ಲೇ ಪಾಶ್ಚಾತ್ಯ ಸಂಗೀತ ನೋಡಿಕೊಳ್ತಿದ್ದ ಜಾನ್ ಫೌಲ್ಡ್ಸ್ ಕೂಡ ಈ ಪೆಟ್ಟಿಗೆ ವಿರುದ್ಧ ಬರೆದಿದ್ದ. ರವೀಂದ್ರನಾಥ ಟ್ಯಾಗೋರರೂ ಅದೇ ವರ್ಷ ಕಲ್ಕತ್ತಾ ಕೇಂದ್ರಕ್ಕೆ ಕಾಗದ ಬರೆದು ಇದನ್ನ ನಿಲ್ಲಿಸಿ ಅಂದಿದ್ದರು. ಯುರೋಪಿನಿಂದ ಬಂದ ಪೆಟ್ಟಿಗೆಯನ್ನ ಇದು ನಿಮ್ಮ ಸಂಗೀತಕ್ಕೆ ಆಗಿಬರಲ್ಲ ಅಂತ ಯುರೋಪಿನವರೇ ಹೊರಗೆ ಹಾಕಿದ್ದು! ನಿಷೇಧ ಸಡಿಲ ಆಗಿದ್ದು 1971ರಲ್ಲಿ. ಅದೂ ಪಕ್ಕವಾದ್ಯಕ್ಕೆ. ಸೋಲೋ ನುಡಿಸೋರಿಗೆ ಇನ್ನೂ ಎಷ್ಟೋ ವರ್ಷ ಬಾಗಿಲು ತೆಗೀಲಿಲ್ಲ. ಬೆಳಗಾವಿಯ ರಾಮಭಾವು ಬಿಜಾಪುರೆ (1917–2010) ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟವರು. ಅವರ ತಲೆಮಾರಿನ ಪೇಟಿಯವರ ಹರೆಯವೆಲ್ಲ ಈ ನಿಷೇಧದ ಒಳಗೇ ಕಳೆಯಿತು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗ್ಲೂ ಸ್ಟುಡಿಯೊ ಒಳಗೆ ಪೇಟಿಗೆ ಜಾಗ ಇರಲಿಲ್ಲ.

ಕಾರಣ ಬರೀ ಸ್ವದೇಶಿ ಅಭಿಮಾನ ಅಲ್ಲ. ದೂರಿನಲ್ಲಿ ಸತ್ಯ ಇತ್ತು. ಒಂದು, ಪೇಟಿಯಲ್ಲಿ ಸ್ವರದಿಂದ ಸ್ವರಕ್ಕೆ ಜಾರೋಕೆ ಆಗಲ್ಲ, ಮೀಂಡ್ ಇಲ್ಲ, ಗಮಕ ಇಲ್ಲ. ಎರಡನೆಯದು ನಮ್ಮ ಆರು ಜನರ ಜಗಳದ ವಿಷಯ: ಗಾಂಧಾರ.

ಷಡ್ಜ 240 ಹರ್ಟ್ಸ್ ಅಂತ ಇಟ್ಕೊಳ್ಳಿ, ಲೆಕ್ಕಕ್ಕೆ ಸುಲಭ. ತಂಬೂರಿ ಮೀಟಿ ಸುಮ್ಮನೆ ಕೇಳಿದ್ರೆ ಷಡ್ಜದ ತಂತಿಯೊಳಗೇ ಗಾಂಧಾರ ಕೇಳುತ್ತೆ. ಅದು ಷಡ್ಜದ ಐದು ಪಟ್ಟು ಕಂಪನ, 1200. ಎರಡು ಸ್ಥಾಯಿ ಕೆಳಗಿಳಿಸಿದ್ರೆ, ಅಂದ್ರೆ ನಾಲ್ಕರಿಂದ ಭಾಗಿಸಿದ್ರೆ, 300. ನಮ್ಮ ಕಿವಿಗೆ ಸರಿ ಅನ್ನಿಸೋ ಗಾಂಧಾರ ಇದೇ 300. ಕಾರ್ಖಾನೆಯಿಂದ ಬರೋ ಪೇಟಿ, ಕೀಬೋರ್ಡ್, ಪಿಯಾನೊಗಳಲ್ಲಿ ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿರ್ತಾರೆ. ಆ ಲೆಕ್ಕದಲ್ಲಿ ಗಾಂಧಾರ 302.4ರ ಹತ್ರ. ಪಂಚಮಕ್ಕೆ ಹೆಚ್ಚೇನೂ ಪೆಟ್ಟಿಲ್ಲ, 360 ಇರಬೇಕಾದ್ದು 359.6 ಇರುತ್ತೆ, ಯಾರಿಗೂ ಗೊತ್ತಾಗಲ್ಲ. ಆದರೆ ಗಾಂಧಾರದ ಎರಡೂ ಚಿಲ್ಲರೆ ಹರ್ಟ್ಸ್ ವ್ಯತ್ಯಾಸ ಸೆಕೆಂಡಿಗೆ ಎರಡು ಸಲ ವಾಂವ್ ವಾಂವ್ ಅಂತ ಅಲೆ ಎಬ್ಬಿಸುತ್ತೆ. ನಾವು ಮೊಬೈಲಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡು, ಜೊತೆಗೆ ಆ ಪೇಟಿ ಹಿಡಿದು ಪ್ರಾಕ್ಟೀಸ್ ಮಾಡ್ತಿದ್ವಿ. ಯಾರೊಬ್ಬರ ಧ್ವನಿಯೂ ತಪ್ಪಿರಲಿಲ್ಲ. ಅರ್ಧ ಜನ ತಂಬೂರಿ ಕೇಳ್ತಿದ್ರು, ಅರ್ಧ ಜನ ಪೇಟಿ ಕೇಳ್ತಿದ್ರು. (ಜಗಳದಲ್ಲಿ ನಾನು ಹೇಳಿದ ಮಾತಿಗೆ ಸಾರಿ, ನಿನಗೇ ಹೇಳ್ತಿರೋದು, ಗೊತ್ತಲ್ಲ.)

5/8

ಇಷ್ಟು ದೊಡ್ಡ ದೂರಿಗೆ ಅಂಗಡಿಯ ಅಜ್ಜನ ಹತ್ರ ಇದ್ದ ಉತ್ತರ ಒಂದು ಸಣ್ಣ ಅರ.

ಪೇಟಿಯೊಳಗೆ ಹಿತ್ತಾಳೆಯ ರೀಡ್‌ಗಳಿರ್ತವೆ. ಗುಜರಾತಿನ ಪಾಲಿಟಾಣಾದ ರೀಡಿಗೆ ಹೆಸರು ಜಾಸ್ತಿ. ಪ್ರತಿ ರೀಡಿನಲ್ಲಿ ಒಂದು ನಾಲಿಗೆ, ಒಂದು ಕಡೆ ಮಾತ್ರ ಬಿಗಿದಿರೋದು. ಗಾಳಿ ಹೋದಾಗ ಅದು ಅಲುಗಾಡಿ ಸ್ವರ ಬರುತ್ತೆ. ನಾಲಿಗೆಯ ತುದಿಯನ್ನು ಉಜ್ಜಿದ್ರೆ ಅದು ಹಗುರ ಆಗಿ ಸ್ವರ ಏರುತ್ತೆ. ಬುಡದ ಹತ್ರ ಉಜ್ಜಿದ್ರೆ ಅಲ್ಲಿ ತೆಳುವಾಗಿ ಸ್ವರ ಇಳಿಯುತ್ತೆ. ಎರಡು ಗೀರು ಜಾಸ್ತಿ ಆದ್ರೆ ಮತ್ತೆ ಇನ್ನೊಂದು ಕಡೆ ಉಜ್ಜಬೇಕು, ಹೀಗೇ ಮಾಡ್ತಾ ಹೋದ್ರೆ ರೀಡೇ ಹೋಗುತ್ತೆ. ಅದಕ್ಕೆ ಅಜ್ಜ ಒಂದೊಂದು ಗೀರಿಗೂ ರೀಡ್ ವಾಪಸ್ ಹಾಕಿ, ತಂಬೂರಿ ಹಚ್ಚಿ, ಕಣ್ಣು ಮುಚ್ಚಿ ಕೇಳ್ತಿದ್ರು. ಆ ವಾಂವ್ ವಾಂವ್ ಅಲೆ ನಿಧಾನ ಆಗ್ತಾ ಆಗ್ತಾ ನಿಂತುಹೋಗೋದನ್ನ ನಾನು ಅಲ್ಲೇ ಮೊದಲ ಸಲ ಕೇಳಿಸಿಕೊಂಡಿದ್ದು. ತಾನಾಗೇ ಕೂಗ್ತಿದ್ದ ಸ್ವರದ ಕಥೆ ಸುಲಭದ್ದು. ಕೀ ಕೆಳಗಿನ ಚರ್ಮ ದಾರಿಯಲ್ಲಿ ಕುಲುಕಿ ಸರಿದುಬಿಟ್ಟಿತ್ತು, ಗಾಳಿ ಸೋರ್ತಿತ್ತು.

ಉಜ್ಜೋಕೆ ಮುಂಚೆ ಅವರು ನಮ್ಮನ್ನ ಹಾಡಿಸಿದರು. ಅಂಗಡಿಯಲ್ಲಿ, ರೋಡಿನಲ್ಲಿ ಹೋಗೋರೆಲ್ಲ ನೋಡ್ತಿರೋವಾಗ! ಎರಡು ಸಾಲು ಕೇಳಿ, 'ನಿಮ್ದು ಕಪ್ಪು ನಾಲ್ಕು. ನೀವೇನೋ ಕಪ್ಪು ಐದಕ್ಕೆ ಎಳೀತಿದೀರಿ, ಗಂಟಲು ಕಟ್ತೈತೆ' ಅಂದ್ರು. ಆಮೇಲೆ ಇನ್ನೊಂದು ಪ್ರಶ್ನೆ. ಈ ಪೇಟಿ ನೀವೇ ಇಟ್ಕೊಂತೀರೋ, ಬೇರೆಯವರಿಗೂ ಕೊಡ್ತೀರೋ? ಯಾಕಂದ್ರೆ ಒಂದು ಷಡ್ಜಕ್ಕೆ ಗಾಂಧಾರ ಕೂರಿಸಿದ್ರೆ ಬೇರೆ ಷಡ್ಜದವರಿಗೆ ಅದೇ ರೀಡು ತಪ್ಪಾಗುತ್ತೆ. ನಾಟಕದ ಪೇಟಿಯಾದ್ರೆ ಒಂದೇ ರಾತ್ರಿ ಹತ್ತು ಪಾತ್ರ, ಹತ್ತು ಕಂಠ. ಅದನ್ನ ಎಲ್ಲರಿಗೂ ಸ್ವಲ್ಪ ಸ್ವಲ್ಪ ತಪ್ಪಾಗೋ ಹಾಗೇ ಬಿಡಬೇಕು. ಒಬ್ಬರೇ ಗಾಯಕರ ಮನೆಯ ಪೇಟಿಯಾದ್ರೆ ಪೂರ್ತಿ ಅವರ ಕಂಠಕ್ಕೆ ಮಾಡಬಹುದು.

'ಯಾರ ಕಂಠಕ್ಕೆ ಮಾಡಿದ್ದು' ಅಂತ ಕೇಳಿದ್ದು ಇದಕ್ಕೇ. ಫ್ರಾನ್ಸಿನ ಪೆಟ್ಟಿಗೆ ನಮ್ಮದಾಗಿದ್ದು ಕಲ್ಕತ್ತಾದಲ್ಲಿ ಕಾಲು ಕತ್ತರಿಸಿದಾಗ ಮಾತ್ರ ಅಲ್ಲ. ಸ್ಟೇಷನ್ನಿನಲ್ಲಿ ಇಳಿದ ಒಂದೊಂದು ಪೆಟ್ಟಿಗೆಯನ್ನೂ ಯಾರೋ ಒಬ್ಬರು ಬಿಚ್ಚಿ, ಈ ಊರಿನ ಕಂಠಗಳಿಗೆ ಕೂರಿಸಿದ್ದಾರೆ. ನನ್ನ ಪ್ರಕಾರ ನಾವು ಆನ್‌ಲೈನಲ್ಲಿ ಉಳಿಸಿದ ದುಡ್ಡಿನಲ್ಲಿ ಕಡಿತ ಆಗಿದ್ದು ಈ ಕೆಲಸ.

6/8

ಈ ತಂಬೂರಿ ಆ ಅಂಗಡಿಯದು. ಮಾರಾಟಕ್ಕಿಲ್ಲ, ಶ್ರುತಿ ಮಾಡೋಕೆ ಇಟ್ಟುಕೊಂಡಿರೋದು. ಮೀರಜ್‌ನದು.

ಮೀರಜ್ ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ, ಬೆಳಗಾವಿ ಗಡಿಗೆ ಅಂಟಿಕೊಂಡ ಹಾಗೆ. ಅಲ್ಲಿಂದ ಹುಬ್ಬಳ್ಳಿ, ಹರಿಹರ, ದಾವಣಗೆರೆ ಅಂತ ಬರೋ ಹಳಿ ನಮ್ಮ ಸ್ಟೇಷನ್ನಿನ ಹಳಿಯೇ. ಕತ್ತಿ, ಆಯುಧ ಸಾಣೆ ಹಿಡಿಯೋ ಶಿಕಲಗಾರ ಮನೆತನದವರು ಆ ಕೆಲಸ ಕಡಿಮೆಯಾದ ಮೇಲೆ, ಸುಮಾರು 1850ರ ಹೊತ್ತಿಗೆ, ತಂತಿವಾದ್ಯ ಮಾಡೋಕೆ ಶುರು ಮಾಡಿದರು. ಫರೀದ್‌ಸಾಹೇಬರ ಹೆಸರನ್ನ ಅಲ್ಲಿಯವರು ಮೊದಲು ಹೇಳ್ತಾರೆ. ತಂಬೂರಿಯ ಬುರುಡೆಗೆ ಬೇಕಾದ ದೊಡ್ಡ ಸೋರೆಕಾಯಿ ಪಂಢರಪುರದ ಕಡೆ ಭೀಮಾ ನದಿಯ ಬಯಲಿನಿಂದ ಬರುತ್ತೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಮೀರಜ್‌ನಲ್ಲೇ ನೆಲೆಸಿದ್ದರು, ಅಲ್ಲಿಂದ ಧಾರವಾಡ, ಮೈಸೂರು ಅಂತ ಓಡಾಡ್ತಿದ್ದರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ, ಅವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಹಾಡೋರೂ ಮಾಡೋರೂ ಒಂದೇ ರೈಲು ದಾರಿಯಲ್ಲಿ ಇದ್ದರು. ಜವಾರಿ ಸರಿಯಿಲ್ಲ ಅಂದ್ರೆ ವಾಪಸ್ ಹೋಗಿ ಮಾಡಿದವರ ಮುಂದೆ ಕೂತು ಹೇಳಬಹುದಿತ್ತು. 2024ರಲ್ಲಿ ಮೀರಜ್ ಸಿತಾರ್‌ಗೂ ತಂಬೂರಿಗೂ ಜಿಐ ಟ್ಯಾಗ್ ಸಿಕ್ಕಿದೆ. ಮೈಸೂರು ಮಲ್ಲಿಗೆಗೆ ಇದೆಯಲ್ಲ, ಅದೇ.

ತಂಬೂರಿ ವ್ಯಾಪಾರಕ್ಕೆ ಪೆಟ್ಟು ಕೊಟ್ಟಿದ್ದು ಆನ್‌ಲೈನ್ ಒಂದೇ ಅಂತ ಹೇಳಿದ್ರೆ ಸುಳ್ಳಾಗುತ್ತೆ. 1970ರ ದಶಕದ ಕೊನೆಗೇ ಬೆಂಗಳೂರಿನ ರಾಡೆಲ್‌ನ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಆಮೇಲೆ ಅದೂ ಮೊಬೈಲ್ ಒಳಗೆ ಹೋಯ್ತು. ನಾನೂ ಆ್ಯಪನ್ನೇ ಬಳಸೋದು, ಹಾಸ್ಟೆಲ್ ರೂಮಿಗೆ ನಾಲ್ಕಡಿ ತಂಬೂರಿ ಹೊತ್ತೊಯ್ಯೋಕೆ ಯಾರಿಗೆ ಆಗುತ್ತೆ?

7/8

ಈಗ ದುಡ್ಡಿನ ವಿಷಯ, ಪ್ರಾಮಾಣಿಕವಾಗಿ. ಡಿಎಮ್‌ನಲ್ಲಿ ಇದನ್ನೇ ಜಾಸ್ತಿ ಕೇಳಿದ್ದೀರಿ.

ನಮ್ಮದರ ಅಳತೆಯದೇ ಪೇಟಿ ಅಂಗಡಿಯಲ್ಲಿ 11,500. ಆನ್‌ಲೈನ್ 8,900, ರಿಪೇರಿಗೆ 600. ಕೂಡಿಸಿದ್ರೂ ನಮಗೇ ಉಳಿತಾಯ. ಹಾಗಾಗಿ ಅಂಗಡಿಯೇ ಅಗ್ಗ ಅಂತ ನಾನು ಹೇಳಲ್ಲ. ಅಜ್ಜನಿಗೂ ಇದೇ ಲೆಕ್ಕ ತೋರಿಸಿದೆ. ಅವರು ನಕ್ಕು, 'ಪೇಟಿ ಮಾರಿದ್ರೆ ನನಗೆ ಬಾಡಿಗೆ ಹುಟ್ತೈತೆ. ಆರ್ನೂರಕ್ಕೆ ಮಧ್ಯಾಹ್ನಪೂರ್ತಿ ಕೂತ್ರೆ ಏನು ಹುಟ್ತೈತೆ ಹೇಳಮ್ಮ' ಅಂದ್ರು. ನಾನು ಹೇಳಲಿಲ್ಲ. ಹೊಸದೆಲ್ಲ ಆನ್‌ಲೈನಿನಲ್ಲಿ ತಗೊಂಡು, ಕೆಟ್ಟಾಗ ಮಾತ್ರ ಅಂಗಡಿಗೆ ಬರ್ತಾ ಇದ್ರೆ ಎಷ್ಟು ದಿನ ಆ ಅಂಗಡಿ ತೆಗೆದಿರುತ್ತೆ ಅನ್ನೋದು ಆಮೇಲೆ ಬಸ್ಸಲ್ಲಿ ತಲೆಗೆ ಹೊಳೀತು.

ಹಾಗಂತ ಊರಿನ ಅಂಗಡಿಗಳೆಲ್ಲ ದೇವಸ್ಥಾನ ಅಂತಲ್ಲ. ನನ್ನ ಕಸಿನ್‌ಗೆ ಒಂದು ಅಂಗಡಿಯಲ್ಲಿ ಕುತ್ತಿಗೆ ಬಾಗಿದ ಗಿಟಾರ್ ಕೊಟ್ಟು, ನುಡಿಸ್ತಾ ನುಡಿಸ್ತಾ ಸರಿ ಹೋಗುತ್ತೆ ಅಂದಿದ್ದರು. ಹೋಗಲಿಲ್ಲ. ಎಷ್ಟೋ ಅಂಗಡಿಗಳು ತಾವೇ ಸಗಟಿನಲ್ಲಿ ಅದೇ ಕಾರ್ಖಾನೆ ಮಾಲು ತಂದು ಮಾರ್ತಾವೆ. ಹೋಗೋದಾದ್ರೆ ಒಂದು ಕೆಲಸ ಮಾಡಿ: ಒಳಗೆ ರಿಪೇರಿ ಮಾಡೋ ಮಣೆ ಇದೆಯಾ ನೋಡಿ. ಅರ, ಚರ್ಮದ ಚೂರು, ಬಿಚ್ಚಿಟ್ಟ ಯಾರದ್ದೋ ವಾದ್ಯ ಕಂಡ್ರೆ ಕೂತ್ಕೊಂಡು ಮಾತಾಡಿ. ನಿಮ್ಮ ಷಡ್ಜ ಯಾವುದು ಅಂತ ಅವರು ಕೇಳಿದ್ರೆ ಇನ್ನೂ ಒಳ್ಳೇದು. ನೀವೇ ಪ್ರತಿ ಕೀ ಒತ್ತಿ, ಒತ್ತದೇ ಬರೀ ತಿದಿ ಹಾಕಿ, ಎರಡೂ ನೋಡಿ. ತಬಲಾ ಆದ್ರೆ ಅಂಚಿನ ಸುತ್ತ ಒಂದೇ ಸ್ವರ ಬರುತ್ತಾ ಕೇಳಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಚರ್ಮ ಬಿಗಿಯುತ್ತೆ, ಜುಲೈ ತೇವಕ್ಕೆ ಸಡಿಲ ಆಗುತ್ತೆ, ಆಗ ಮತ್ತೆ ಹೋಗ್ತೀವಿ ಅಂತ ಮೊದಲೇ ಮಾತಾಡ್ಕೊಳ್ಳಿ.

8/8

ಸಮೂಹಗಾನದಲ್ಲಿ ನಮಗೆ ಮೂರನೇ ಬಹುಮಾನ. ಗೆದ್ದವರು ನಿಜವಾಗ್ಲೂ ಚೆನ್ನಾಗಿ ಹಾಡಿದ್ರು, ಕಾಂಪ್ಲೇಂಟ್ ಇಲ್ಲ. ಕಪ್ಪು ನಾಲ್ಕಕ್ಕೆ ಇಳಿಸಿದ್ದಕ್ಕೆ ಯಾರ ಗಂಟಲೂ ಕಟ್ಟಲಿಲ್ಲ.

ಸರ್ಟಿಫಿಕೇಟ್ ತೋರಿಸೋಕೆ ಅಂತ ಬೆಣ್ಣೆದೋಸೆ ಪಾರ್ಸೆಲ್ ಹಿಡ್ಕೊಂಡು ಅಂಗಡಿಗೆ ಹೋದೆ. ಅಜ್ಜನ ಮಗ ಬೇರೆ ಕೆಲಸದಲ್ಲಿದ್ದಾರೆ, ಮೊಮ್ಮಗ ಬೆಂಗಳೂರಿನಲ್ಲಿ. ಕಲಿಯೋಕೆ ಯಾರೂ ಬಂದಿಲ್ವಾ ಅಂದೆ. ಒಬ್ಬ ಹುಡುಗ ಆರು ತಿಂಗಳು ಬಂದು ತಬಲಾ ಕಟ್ಟೋದು ಕಲಿತು ಹೋದನಂತೆ. ಶ್ರುತಿ ಮಾಡೋದಕ್ಕೆ ಕಿವಿ ಕೂರಬೇಕು, ಅದಕ್ಕೆ ಎರಡು ಮೂರು ವರ್ಷ ಬೇಕು, ಅಷ್ಟು ದಿನ ಅವನ ಮನೆ ನಡೀಬೇಕಲ್ಲ ಅಂದ್ರು.

ಆಮೇಲೆ ಮೂಲೆಯಲ್ಲಿದ್ದ ಒಂದು ಹಳೇ ಪೇಟಿಯ ಮುಚ್ಚಳ ತೆಗೆದು ತೋರಿಸಿದರು. ಅದೇ ಈ ಕೊನೇ ಫೋಟೊ. ಜೂಮ್ ಮಾಡಿ. ಮರದ ಒಳಮೈಮೇಲೆ ಪೆನ್ಸಿಲ್ಲಿನಲ್ಲಿ ಒಂದರ ಕೆಳಗೆ ಒಂದು ತಾರೀಖು ಇವೆ, ಪ್ರತಿ ಸಲ ಶ್ರುತಿ ಮಾಡಿದಾಗ ಬರೆದದ್ದು. ಪಕ್ಕದಲ್ಲಿ ಆ ಹೊತ್ತಿನ ಷಡ್ಜ: ಬಿಳಿ ನಾಲ್ಕು, ಕಪ್ಪು ಎರಡು, ಮತ್ತೆ ಕಪ್ಪು ಎರಡು. ಮೇಲಿನ ಮೂರು ಸಾಲು ಅವರ ತಂದೆಯ ಅಕ್ಷರ, ಒತ್ತಿ ಬರೆದಿರೋದು. ಉಳಿದದ್ದು ಇವರದು.

ನಮ್ಮ ಪೇಟಿಯೊಳಗೂ ಬರೆದಿದ್ದಾರೆ, ನಾನು ಮನೆಗೆ ಬಂದ ಮೇಲೆ ಮುಚ್ಚಳ ತೆಗೆದು ನೋಡಿದೆ. ತಾರೀಖು, 'ಕಪ್ಪು 4', ಅದರ ಪಕ್ಕ 'ಆರು ಹುಡುಗೀರು'. ಮಳೆಗಾಲ ಮುಗಿದ ಮೇಲೆ ಒಂದ್ಸಲ ತಗೊಂಡು ಬನ್ನಿ ಅಂದಿದ್ದಾರೆ. ಅಕ್ಟೋಬರಿನಲ್ಲಿ ಹೋಗ್ತೀನಿ, ಯಾರಾದ್ರೂ ಬರೋದಿದ್ರೆ ಮೆಸೇಜ್ ಮಾಡಿ, ಆಟೋ ದುಡ್ಡು ಹಂಚ್ಕೊಳ್ಳೋಣ.

#ದಾವಣಗೆರೆ #ಹರಿಹರ #ಎಸ್ಎಸ್ಬಡಾವಣೆ #ಹಾರ್ಮೋನಿಯಂ #ನಮ್ಮೂರಕಥೆ